ನಾಟಿ ಹೇಂಟೆ ಕಾವಿಗೆ ಕೂತಿದೆ, ಹೋದ ಸಲ 15 ಮೊಟ್ಟೆಗೆ 5 ಮರಿ ಮಾತ್ರ. ಈ ಸಲ ಏನು ಬದಲಾಯಿಸಬೇಕು?

ಹಿತ್ತಲಕ್ಕ, ಪಾಂಡವಪುರ:

ನಾಟಿ ಹೇಂಟೆ ಮೂರು ದಿನದಿಂದ ಕೊಟ್ಟಿಗೆ ಮೂಲೆಯ ಮಂಕರಿ ಬಿಟ್ಟು ಏಳ್ತಿಲ್ಲ. ಕೈ ಹಾಕಿದರೆ ಪುಕ್ಕ ಕೆದರಿಕೊಂಡು ಕುಕ್ಕೋಕೆ ಬರುತ್ತೆ. ಹೋದ ಸಲ ಇದಕ್ಕೇ 15 ಮೊಟ್ಟೆ ಇಟ್ಟಿದ್ವಿ. 5 ಒಡೆದು ಮರಿ ಬಂತು, 4 ಕೊಳೆತು ನಾರ್ತಿತ್ತು, ಉಳಿದ 6ರಲ್ಲಿ ಪೂರ್ತಿ ಬೆಳೆದ ಮರಿ ಒಳಗೇ ಸತ್ತಿತ್ತು. ಅದೇ ಮಂಕರಿಗೆ ಬೇರೆ ಎರಡು ಕೋಳಿಯೂ ಬಂದು ಮೊಟ್ಟೆ ಇಡ್ತಿದ್ವು. ಕೆಲವು ಮೊಟ್ಟೆ ಫ್ರಿಜ್‌ನಲ್ಲಿ ಇಟ್ಟಿದ್ದವು. ಈಗ ಮನೆಯ 9 ನಾಟಿ ಮೊಟ್ಟೆ, ಪಕ್ಕದ ಮನೆಯವರು ಕೊಟ್ಟ 6 ಗಿರಿರಾಜ ಮೊಟ್ಟೆ ಇದೆ. ಎಲ್ಲಾ ಇಡಬಹುದಾ? ಮಾರ್ಚ್ 28ರ ರಾತ್ರಿ ಇಡಬೇಕು ಅಂತಿದ್ದೀವಿ. ಬಿಸಿಲು ಬೇರೆ ಜೋರಿದೆ.

ನಾಟಿಕೋಳಿ, ಮಳವಳ್ಳಿ:

ಅಕ್ಕ, ಒಳಗೇ ಸತ್ತ ಆ 6 ಮರಿಗೆ ಕಾರಣ ನೀವು ಬರೆದಿರೋದರಲ್ಲೇ ಇದೆ. ಬೇರೆ ಕೋಳಿ ನಡುವೆ ಬಂದು ಇಟ್ಟ ಮೊಟ್ಟೆ ಎರಡು ಮೂರು ದಿನ, ಕೆಲವು ಒಂದು ವಾರದಷ್ಟು ಹಿಂದೆ ಬೀಳುತ್ತೆ. ಮೊದಲ ಮರಿಗಳು ಹೊರಗೆ ಬಂದ ಮೇಲೆ ತಾಯಿ ಒಂದು ಒಂದೂವರೆ ದಿನ ಕಾದು, ಮರಿ ಕರ್ಕೊಂಡು ಎದ್ದುಬಿಡುತ್ತೆ. ಹಿಂದೆ ಉಳಿದ ಮೊಟ್ಟೆ ತಣ್ಣಗಾಗಿ ಮರಿ ಅಲ್ಲೇ ಸಾಯುತ್ತೆ. ಹಾಗಾಗಿ ಎಲ್ಲಾ ಮೊಟ್ಟೆ ಒಂದೇ ರಾತ್ರಿ ಇಡಿ, ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಗುರುತು ಹಾಕಿ. ಗುರುತಿಲ್ಲದ ಮೊಟ್ಟೆ ಕಂಡರೆ ಆವತ್ತೇ ತೆಗೀರಿ. ಮಂಕರಿನ ಬೇರೆ ಕೋಳಿ ಬರದ, ಮಬ್ಬುಗತ್ತಲಿನ ಜಾಗಕ್ಕೆ ಸಾಗಿಸಿ. ಸಾಗಿಸೋದು ರಾತ್ರಿ ಹೊತ್ತು. ಹಗಲು ಜಾಗ ಬದಲಾಯಿಸಿದರೆ ಹಳೇ ಮೂಲೆಗೇ ಓಡುತ್ತೆ. ಹೊಸ ಜಾಗದಲ್ಲಿ ಮೊದಲು ಎರಡು ಹಳೇ ಮೊಟ್ಟೆ ಕೊಟ್ಟು ಒಂದು ಹಗಲು ನೋಡಿ. ನಿಂತು ಕೂತರೆ ಮಾತ್ರ ಒಳ್ಳೇ ಮೊಟ್ಟೆ ಇಡಿ.

15 ಜಾಸ್ತಿ ಆಯ್ತು. ನಾಟಿ ಹೇಂಟೆಯ ಹೊಟ್ಟೆ ಕೆಳಗೆ ನಾಟಿ ಮೊಟ್ಟೆ 10ರಿಂದ 12 ಹಿಡಿಯುತ್ತೆ. ಅಂಚಿನ ಮೊಟ್ಟೆ ತಣ್ಣಗಾಗುತ್ತೆ. ಕೋಳಿ ದಿನಾ ಮೊಟ್ಟೆ ತಿರುಗಿಸೋದರಿಂದ ಇವತ್ತು ಅಂಚಿನಲ್ಲಿದ್ದದ್ದು ನಾಳೆ ನಡುವೆ, ನಡುವಿನದ್ದು ಅಂಚಿಗೆ. ಮೂರು ಮೊಟ್ಟೆ ಹೆಚ್ಚಾದರೆ ಆ ಮೂರು ಮಾತ್ರ ಕೆಡೋದಿಲ್ಲ, ಎಲ್ಲಕ್ಕೂ ಪೆಟ್ಟು ಬೀಳುತ್ತೆ. ಗಿರಿರಾಜ ಮೊಟ್ಟೆ ಇನ್ನೂ ದಪ್ಪ. 9 ನಾಟಿ ಇಟ್ಟರೆ ಗಿರಿರಾಜ ಒಂದು, ಹೆಚ್ಚೆಂದರೆ ಎರಡು. ಅದೂ ಆ ಮನೆಯಲ್ಲಿ ಹುಂಜ ಇದ್ದರೆ ಮಾತ್ರ, ಇಲ್ಲದಿದ್ದರೆ ಗೊಡ್ಡು ಮೊಟ್ಟೆಯೇ. ಗಿರಿರಾಜ ಮಿಶ್ರತಳಿ, ಅದರ ಮರಿ ಅಷ್ಟೇ ತೂಕಕ್ಕೆ ಬರುತ್ತೆ ಅಂತ ನಂಬಿಕೊಳ್ಳಬೇಡಿ.

ಮೊಟ್ಟೆ ಆರಿಸುವಾಗ ಹಾಕಿ 7 ದಿನ ಮೀರದ್ದು ತಗೊಳ್ಳಿ. 10 ದಿನ ದಾಟಿದ್ದು, ಬಿರುಕು ಬಿಟ್ಟಿದ್ದು, ಸೊಟ್ಟಗಿರೋದು, ಫ್ರಿಜ್‌ನಲ್ಲಿ ಇದ್ದದ್ದು ಅಡುಗೆಗೆ ಹೋಗಲಿ. ಹಿಕ್ಕೆ ಮೆತ್ತಿದೆ ಅಂತ ತೊಳೀಬೇಡಿ. ಚಿಪ್ಪಿನ ಮೇಲಿನ ಪೊರೆ ಹೋದರೆ ಒಳಗೆ ಕೊಳೆ ಇಳಿಯುತ್ತೆ, ನಿಮ್ಮ 4 ಮೊಟ್ಟೆ ನಾರಿದ್ದು ಬಹುಶಃ ಹಾಗೇ. ಬಿಸಿಲು ಕಾಲದಲ್ಲಿ ಮೊಟ್ಟೆನ ದಿನಕ್ಕೆ ಎರಡು ಸಲ ಎತ್ತಿ. ಸುಮಾರು 25 ಡಿಗ್ರಿ ದಾಟಿದರೆ ಕೋಳಿ ಕೂರದೇನೂ ಮೊಟ್ಟೆ ಒಳಗೆ ಅರೆಬರೆ ಬೆಳವಣಿಗೆ ಶುರುವಾಗಿ ಅಲ್ಲೇ ಸೊರಗುತ್ತೆ. ಮಣ್ಣಿನ ಮಡಕೆಗೆ ರಾಗಿ ತುಂಬಿ, ಮೊಟ್ಟೆಯ ಚೂಪು ತುದಿ ಕೆಳಗೆ ಮಾಡಿ ಹೂತು, ಮಡಕೆನ ಒದ್ದೆ ಮರಳಿನ ಮೇಲೆ ನೆರಳಲ್ಲಿಟ್ಟರೆ ಸಾಕು.

ತೋಟದಮನೆ, ಕೆ.ಆರ್. ಪೇಟೆ:

ಮೇಲಿನವರು ಹೇಳಿದ್ದು ಸರಿ. ಮಂಕರಿ ಒಳಗಿನ ವಿಷಯ ಸೇರಿಸ್ತೀನಿ. ಬರೀ ಹುಲ್ಲು ಹಾಕಿದರೆ ಮೊಟ್ಟೆ ಜಾರಿ ತಳಕ್ಕೆ ಹೋಗುತ್ತೆ. ತಳಕ್ಕೆ ಮೂರು ಬೆರಳು ದಪ್ಪ ಮಣ್ಣು ಹಾಕಿ, ನಡುವೆ ಬಟ್ಟಲಿನ ಥರ ಗುಳಿ ಮಾಡಿ, ಮೇಲೆ ಗೇಣುದ್ದ ಕತ್ತರಿಸಿದ ರಾಗಿ ಹುಲ್ಲು ಅಥವಾ ಭತ್ತದ ಹುಲ್ಲು ಹರಡಿ. ಉದ್ದ ಹುಲ್ಲು ಮರಿ ಕಾಲಿಗೆ ಸುತ್ಕೊಳ್ಳುತ್ತೆ. ಬೂಸ್ಟು ಹಿಡಿದ ಹುಲ್ಲು ಬೇಡವೇ ಬೇಡ, ಆ ಬೂಸ್ಟು ಮರಿಯ ಶ್ವಾಸಕೋಶಕ್ಕೆ ಹೋಗುತ್ತೆ.

ಮೊಟ್ಟೆ ಮೇಲೆ ನೀರು ಚಿಮುಕಿಸಿ ಅಂತ ಹೇಳೋರಿದ್ದಾರೆ, ನಾನು ಒಪ್ಪಲ್ಲ. ಒಣ ಬಿಸಿಲಿಗೆ ತಂಪು ಬೇಕಾದರೆ 15ನೇ ದಿನದಿಂದ ಮಂಕರಿ ತಳದ ಮಣ್ಣಿನ ಅಂಚಿಗೆ ದಿನಾ ಒಂದು ಲೋಟ ನೀರು ಬಿಟ್ಟರೆ ಆಯ್ತು.

ಹೇನು ಇದ್ದರೆ ಕೋಳಿ ಕೂರಲ್ಲ. ರಾತ್ರಿ ಮಂಕರಿ ಅಂಚಿಗೆ ಬಿಳಿ ಬಟ್ಟೆ ಒರೆಸಿ ನೋಡಿ, ಕೆಂಪು ಗೀರು ಬಿದ್ದರೆ ರಕ್ತ ಕುಡಿಯೋ ಉಣುಗು ಇದೆ ಅಂತ. ಅಂಥ ಮಂಕರಿ ಬದಲಾಯಿಸಿ. ಹುಲ್ಲಿನ ಕೆಳಗೆ ಲಕ್ಕಿ ಸೊಪ್ಪು, ಬೇವಿನ ಸೊಪ್ಪು ಹಾಕಿ, ಪಕ್ಕದಲ್ಲೇ ಬೂದಿ ಬೆರೆಸಿದ ಪುಡಿಮಣ್ಣಿನ ಗುಡ್ಡೆ ಇರಲಿ, ಎದ್ದಾಗ ಹೊರಳಾಡುತ್ತೆ. ಬೆಳೆಗೆ ಹೊಡೆಯೋ ಔಷಧಿ ಕೋಳಿ ಮೈಗೆ, ಮಂಕರಿಗೆ ತಾಗಿಸಲೇಬಾರದು.

ಕಾವಿಗೆ ಕೂತ ಕೋಳಿ ದಿನಕ್ಕೆ ಒಂದು ಸಲ, 15-20 ನಿಮಿಷ ಎದ್ದು ಮೇಯುತ್ತೆ, ದೊಡ್ಡದಾಗಿ ನಾರೋ ಹಿಕ್ಕೆ ಹಾಕುತ್ತೆ, ವಾಪಸ್ ಬರುತ್ತೆ. ಕಾಳು (ರಾಗಿ, ಜೋಳ, ಮುರಿದ ಮೆಕ್ಕೆಜೋಳ) ಮತ್ತು ನೀರು ಎರಡು ಮಾರು ದೂರದಲ್ಲಿ ಇರಲಿ. ತಾನಾಗಿ ಏಳದಿದ್ದರೆ ನೀವೇ ಎತ್ತಬೇಕು. ಎತ್ತೋ ಮೊದಲು ಎರಡೂ ರೆಕ್ಕೆ ಕೆಳಗೆ ಬೆರಳಾಡಿಸಿ. ರೆಕ್ಕೆ ಸಂದಿನಲ್ಲಿ ಮೊಟ್ಟೆ ಸಿಕ್ಕಿಕೊಂಡಿರುತ್ತೆ, ಎತ್ತಿದ ತಕ್ಷಣ ಕೆಳಗೆ ಬಿದ್ದು ಒಡೆಯುತ್ತೆ. ಯಾವತ್ತಾದರೂ ಒಂದು ಗಂಟೆ ತಡವಾಗಿ ಬಂದರೂ ಗಾಬರಿಯಾಗಿ ಮೊಟ್ಟೆ ಎಸೀಬೇಡಿ.

28ರ ರಾತ್ರಿ ಇಟ್ಟರೆ 7ನೇ ದಿನ ಏಪ್ರಿಲ್ 4. ಅವತ್ತು ರಾತ್ರಿ ರಟ್ಟಿಗೆ ರೂಪಾಯಿ ನಾಣ್ಯದಷ್ಟು ತೂತು ಮಾಡಿ, ಹಿಂದೆ ಮೊಬೈಲ್ ಟಾರ್ಚ್ ಹಿಡಿದು, ಮೊಟ್ಟೆಯ ದಪ್ಪ ತುದಿ ತೂತಿಗೆ ಇಟ್ಟು ನೋಡಿ. ನಡುವೆ ಕಪ್ಪು ಚುಕ್ಕೆ, ಸುತ್ತ ಜೇಡನ ಕಾಲಿನ ಹಾಗೆ ಕೆಂಪು ನರ ಕಂಡರೆ ಜೀವ ಇದೆ. ಏನೂ ಇಲ್ಲದೆ ತಿಳಿಯಾಗಿ ಹೊಳೆದರೆ ಗೊಡ್ಡು. ನರ ಇಲ್ಲದೆ ಬರೀ ಕೆಂಪು ಬಳೆ ಕಂಡರೆ ಒಳಗೆ ಸತ್ತಿದೆ. ಆ ಎರಡೂ ತೆಗೀರಿ. ಏಪ್ರಿಲ್ 11ಕ್ಕೆ ಮತ್ತೊಮ್ಮೆ ನೋಡಿ. ಆಗ ಗಾಳಿ ಇರೋ ದಪ್ಪ ತುದಿ ಬಿಟ್ಟು ಉಳಿದದ್ದು ಬಹುತೇಕ ಕಪ್ಪಾಗಿರುತ್ತೆ. ಏಪ್ರಿಲ್ 15ರ ನಂತರ ಮೊಟ್ಟೆ ಮುಟ್ಟೋದು, ಎತ್ತೋದು ಬಂದ್. ಮರಿ ಅಷ್ಟು ಹೊತ್ತಿಗೆ ಕೊಕ್ಕು ಗಾಳಿ ಕಡೆ ತಿರುಗಿಸಿಕೊಳ್ತಾ ಇರುತ್ತೆ.

ಹಿತ್ತಲಕ್ಕ, ಪಾಂಡವಪುರ:

ಗೊತ್ತಾಯ್ತು, 10ಕ್ಕೇ ನಿಲ್ಲಿಸ್ತೀವಿ. ಎರಡು ಅನುಮಾನ. ಗುಡುಗಿಗೆ ಮೊಟ್ಟೆ ಕೆಡುತ್ತೆ, ಮಂಕರಿಗೆ ಕಬ್ಬಿಣದ ತುಂಡು, ಇದ್ದಿಲು ಹಾಕಬೇಕು ಅಂತಾರೆ. ಹೌದಾ? ಮತ್ತೆ ಚಿಪ್ಪು ಒಡೆದು ನಿಂತುಬಿಟ್ಟ ಮರಿನ ಬಿಡಿಸಬಹುದಾ? ಹೋದ ಸಲ 5ರಲ್ಲಿ 2 ಮರಿ ಮೊದಲ ವಾರದಲ್ಲೇ ಹೋದವು.

ಪಶುವೈದ್ಯ, ಮೈಸೂರು:

ಗುಡುಗಿನ ಸದ್ದಿಗೆ ಮೊಟ್ಟೆ ಕೆಡೋದಿಲ್ಲ. ಜೋರು ಮಳೆಗೆ ಹೆದರಿ ಅಥವಾ ನೆನೆದು ಕೋಳಿ ಎದ್ದುಹೋದರೆ ಕೆಡುತ್ತೆ. ಕಬ್ಬಿಣ ಇಟ್ಟರೆ ನಷ್ಟವೇನಿಲ್ಲ, ಆದರೆ ಮಂಕರಿ ಮೇಲೆ ಸೋರದ ಸೂರು ಇರಬೇಕು. ನಿಮಗೆ ಮರಿ ಬರೋದು ಏಪ್ರಿಲ್ 18ರ ಹೊತ್ತಿಗೆ, ಅವು ಹತ್ತು ದಿನದವಾಗುವಾಗ ಭರಣಿ ಮಳೆ ಶುರು.

ಮೊದಲ ಬಿರುಕು ಕಂಡ ಮೇಲೆ ಪೂರ್ತಿ ಹೊರಬರೋಕೆ 12ರಿಂದ 24 ಗಂಟೆ ಬೇಕು. ಆ ನಡುವೆ ಮರಿ ಸುಮ್ಮನಿರೋದು ಸುಸ್ತಿಗಲ್ಲ. ಪೊರೆಯ ರಕ್ತ ಒಳಗೆ ಹೀರಿಕೊಂಡು, ಹಳದಿ ಭಂಡಾರ ಹೊಟ್ಟೆಗೆ ಸೇರ್ತಾ ಇರುತ್ತೆ. ಉಗುರಿನಲ್ಲಿ ಚಿಪ್ಪು ಬಿಡಿಸಿದರೆ ಪೊರೆ ಹರಿದು ರಕ್ತ ಸುರಿದು ಸಾಯುತ್ತೆ. ಕೈ ಕಟ್ಟಿ ನಿಲ್ಲಿ. ಕಾವಲು ಬೇಕಾಗೋದು ಕೆಂಪಿರುವೆಗೆ. ಒಡೆದ ಚಿಪ್ಪಿನ ವಾಸನೆಗೆ ಮುತ್ತಿಕೊಂಡು ಮರಿನ ಒಳಗೇ ಕಚ್ಚಿ ಕೊಲ್ಲುತ್ತೆ. ಮಂಕರಿನ ನಾಲ್ಕು ಇಟ್ಟಿಗೆ ಮೇಲಿಟ್ಟು, ಇಟ್ಟಿಗೆಗಳನ್ನು ನೀರು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿ.

ಹುಟ್ಟಿದ ಮರಿಗೆ ಮೊದಲ ದಿನ ಮೇವು ಬೇಕಿಲ್ಲ, ಹೊಟ್ಟೆಯ ಹಳದಿಯೇ ಸಾಕು. ಆಮೇಲೆ ಚಿಕ್ ಸ್ಟಾರ್ಟರ್ (ಎಳೇ ಮರಿಗಂತಲೇ ಮಾಡಿದ ಮೇವು) ಕೊಡಿ, ಮೊದಲ ವಾರ ಮರಿಗೆ ದಿನಕ್ಕೆ ಸುಮಾರು 10 ಗ್ರಾಂ. ಬರೀ ಅಕ್ಕಿ ನುಚ್ಚು, ರಾಗಿ ಕೊಟ್ಟರೆ ಪ್ರೋಟೀನ್ ಸಾಲದೆ ರೆಕ್ಕೆ ಜೋತುಬೀಳುತ್ತೆ. ಗೆದ್ದಲು ಸಿಕ್ಕರೆ ಒಳ್ಳೇದು. ಮೊಟ್ಟೆ ಕೋಳಿಗೆ ಹಾಕೋ ಲೇಯರ್ ಮೇವು ಮರಿಗೆ ಹಾಕಬೇಡಿ, ಅದರ ಸುಣ್ಣದಂಶ ಮೂತ್ರಪಿಂಡ ಕೆಡಿಸುತ್ತೆ. ತಾಯಿನೇ ಎಲ್ಲಾ ತಿನ್ನುತ್ತೆ ಅಂದರೆ ಮೇವಿನ ತಟ್ಟೆ ಮೇಲೆ ಮರಿ ಮಾತ್ರ ನುಗ್ಗುವಷ್ಟು ಸಂದಿ ಇರೋ ಪಂಜರ ಮುಚ್ಚಿ. ನೀರು ಅಂಗುಲಕ್ಕಿಂತ ಕಡಿಮೆ ಆಳದ ತಟ್ಟೆಯಲ್ಲಿ, ಒಳಗೆ ನಾಲ್ಕೈದು ಕಲ್ಲು. ಮೊದಲ ವಾರ ಎಷ್ಟೋ ಮರಿ ಹೋಗೋದು ನೀರಿಗೆ ಬಿದ್ದು ನೆನೆದೇ. ನೆನೆದ ಮರಿ ಗುಬುರು ಕೂತು ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತೆ.

ಹತ್ತು ದಿನ ತಾಯಿ ಮರಿ ಒಟ್ಟಿಗೆ ಪಂಜರದಲ್ಲೇ ಇರಲಿ. ಹೊರಗೆ ಬಿಟ್ಟರೆ ಹದ್ದು, ಕಾಗೆ, ಕೆಂಬೂತ, ಮುಂಗುಸಿ ಕಾಯ್ತಾ ಇರುತ್ತೆ. ರಾತ್ರಿ ಹೆಗ್ಗಣ ಬರುತ್ತೆ, ಅದಕ್ಕೆ ಕೋಳಿ ಬಲೆ ತಡೆಯಲ್ಲ, ಅರ್ಧ ಅಂಗುಲ ಕಣ್ಣಿನ ಕಬ್ಬಿಣದ ಜಾಲರಿ ಬೇಕು.

ಲಸಿಕೆ: 5ರಿಂದ 7ನೇ ದಿನ ಲಸೋಟ ಒಂದು ಹನಿ ಕಣ್ಣಿಗೆ (ಕೊಕ್ಕರೆ ರೋಗಕ್ಕೆ), 14ನೇ ದಿನ ಗಂಬೋರೊ ರೋಗದ ಲಸಿಕೆ, 28ನೇ ದಿನ ಮತ್ತೆ ಲಸೋಟ, ಎಂಟನೇ ವಾರ ಆರ್‌2ಬಿ ಚುಚ್ಚುಮದ್ದು (ಅದೂ ಕೊಕ್ಕರೆ ರೋಗಕ್ಕೇ). ಒಂದು ಸೀಸೆ 100 ಮರಿಗಾಗುತ್ತೆ, ಬೆರೆಸಿದ ಮೇಲೆ ಎರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಓಣಿಯ ನಾಲ್ಕು ಮನೆಯವರು ಸೇರಿ ತರಿಸಿಕೊಳ್ಳಿ, ಫ್ಲಾಸ್ಕಿನಲ್ಲಿ ಐಸ್ ಹಾಕಿ ತನ್ನಿ. ಬೆಚ್ಚಗಾದ ಲಸಿಕೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಮೂರನೇ ವಾರದ ನಂತರ ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ಪಶು ಆಸ್ಪತ್ರೆಗೆ ಹೋಗಿ ಆಂಪ್ರೋಲಿಯಂ (ರಕ್ತಭೇದಿಯ ಔಷಧಿ) ಅಳತೆ ಕೇಳಿ, ನೆಲದ ಒದ್ದೆ ಹುಲ್ಲು ಪೂರ್ತಿ ತೆಗೀರಿ.

ನಾಟಿಕೋಳಿ, ಮಳವಳ್ಳಿ:

ಒಂದು ಬಿಟ್ಟುಹೋಯ್ತು ಅಕ್ಕ. ಏಪ್ರಿಲ್ 20ರ ಸಂಜೆವರೆಗೆ ಒಡೆಯದ ಮೊಟ್ಟೆನ ಕಿವಿ ಹತ್ತಿರ ಹಿಡಿದು ನೋಡಿ. ಚಿಂವ್ ಅಂತ ಸದ್ದು ಬಂದರೆ ಇನ್ನೊಂದು ರಾತ್ರಿ ತಾಯಿ ಕೆಳಗೇ ಬಿಡಿ. ಸದ್ದಿಲ್ಲದ್ದನ್ನು ಅಲ್ಲಾಡಿಸದೆ ದೂರ ಒಯ್ದು ಹೂತುಬಿಡಿ, ಕೊಳೆತದ್ದು ಮರಿ ಪಕ್ಕದಲ್ಲಿ ಸಿಡಿದರೆ ಎಲ್ಲಕ್ಕೂ ಮೆತ್ತಿಕೊಳ್ಳುತ್ತೆ.