ದುಬೈ ದೇವಾಲಯ: ಗುದ್ದಲಿ ಬೀಳುವ ಮುನ್ನವೇ ಹಿಗ್ಗುವುದು ತಪ್ಪೇ?

ಪ್ರಶ್ನೆ:
ಸಹೋದರ ಸಹೋದರಿಯರೇ, 2020ರ ಏಪ್ರಿಲ್ 5ರಂದು, ಕೊರೊನಾ ಕಾರಣದಿಂದ ಸಭಿಕರಿಲ್ಲದೆ ನಡೆದ ನಮ್ಮ ಯೇಸು ಕ್ರಿಸ್ತನ ಕಡೇ ದಿನಗಳ ಸಂತರ ಸಭೆಯ (ಮಾರ್ಮನ್ ಎಂದು ಹೆಸರಾದ ಕ್ರೈಸ್ತ ಸಭೆ) ಮಹಾಸಮ್ಮೇಳನದ ಕೊನೆಯಲ್ಲಿ, ಅಂದಿನ ಅಧ್ಯಕ್ಷ ರಸೆಲ್ ಎಂ. ನೆಲ್ಸನ್ ಅವರು ಎಂಟು ಹೊಸ ದೇವಾಲಯಗಳ ಹೆಸರುಗಳನ್ನು ಓದಿದರು. ಇಲ್ಲಿ ದುಬೈಯಲ್ಲಿ ಆಗ ನಡುರಾತ್ರಿ ದಾಟಿತ್ತು. ನಮ್ಮ ಊರಿನ ಹೆಸರು ಕಿವಿಗೆ ಬಿದ್ದೊಡನೆ ನನ್ನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಮಲಗಿದ್ದ ಮಗನನ್ನು ಎಬ್ಬಿಸಿ ಸುದ್ದಿ ಹೇಳಿದೆವು. ಲೋಕದ ನಮ್ಮ ಎಲ್ಲ ದೇವಾಲಯಗಳೂ ಸೋಂಕಿನಿಂದಾಗಿ ಬಾಗಿಲು ಮುಚ್ಚಿದ್ದ ಆ ದಿನಗಳಲ್ಲಿ, ಆಗ ಶುಕ್ರವಾರವನ್ನು ಸಬ್ಬತ್ ದಿನವಾಗಿ (ವಾರದ ಆರಾಧನೆಯ ದಿನವಾಗಿ) ಆಚರಿಸುತ್ತಿದ್ದ ನಮ್ಮಂಥ ಪುಟ್ಟ ಸಮುದಾಯಕ್ಕೆ, ಅದೂ ಈ ನಾಡಿನ ಆಹ್ವಾನದ ಮೇರೆಗೆ, ಒಂದು ದೇವಾಲಯ ಬರಲಿದೆ ಎಂಬುದನ್ನು ಅರಗಿಸಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ಆರು ವರ್ಷ ಹಣ ಕೂಡಿಟ್ಟು ಸ್ವಿಟ್ಜರ್ಲೆಂಡಿನ ಬರ್ನ್ ದೇವಾಲಯಕ್ಕೆ ಹೋಗಿ ಬಂದವರು ನಾವು. ಅಲ್ಲಿನ ಸೀಲಿಂಗ್ (ಕುಟುಂಬವನ್ನು ಸಾವಿನಾಚೆಗೂ ಬೆಸೆಯುವ, ದೇವಾಲಯದಲ್ಲಷ್ಟೇ ನಡೆಯುವ ವಿಧಿಯ) ಕೋಣೆಯಲ್ಲಿ ಬಿಳಿ ಬಟ್ಟೆ ತೊಟ್ಟ ನಾಲ್ಕು ವರ್ಷದ ಮಗ ನಮ್ಮಿಬ್ಬರ ಕೈಗಳ ಮೇಲೆ ತನ್ನ ಕೈಯಿಟ್ಟು, ಎದುರುಬದುರಾಗಿದ್ದ ಕನ್ನಡಿಗಳಲ್ಲಿ ಕೊನೆಯಿಲ್ಲದೆ ಸಾಗುತ್ತಿದ್ದ ನಮ್ಮ ಮೂವರ ಸಾಲನ್ನು ಬೆರಗಿನಿಂದ ನೋಡುತ್ತಿದ್ದ. ಆಗ ನನ್ನ ಅಪ್ಪ ಬದುಕಿದ್ದರು, ಆದರೆ ಸಭೆಯ ಸದಸ್ಯರಾಗಿರಲಿಲ್ಲ. ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಅವರ ಪರವಾಗಿ ದೀಕ್ಷಾಸ್ನಾನ ಮಾಡಿಸಿ, ನನ್ನನ್ನು ಅವರೊಂದಿಗೆ ಸೀಲ್ ಮಾಡಿಸಿಕೊಳ್ಳುವ ಕೆಲಸ ಇನ್ನೊಂದು ವಿಮಾನಯಾನಕ್ಕಾಗಿ ಕಾಯುತ್ತ ಕುಳಿತಿದೆ. ಇನ್ನೂ ಗುದ್ದಲಿ ಬೀಳದ ಕಟ್ಟಡಕ್ಕೆ ಇಷ್ಟು ಹಿಗ್ಗಬೇಡಿ ಎಂದು ಹಿರಿಯ ಸಹೋದರರೊಬ್ಬರು ಹೇಳಿದರು. ಈಗಲೇ ಹಿಗ್ಗುವುದು ತಪ್ಪೇ? ಹೀಗೆ ಕಾದವರು ಆ ವರ್ಷಗಳನ್ನು ಹೇಗೆ ಕಳೆದಿರಿ?

ಉತ್ತರ 1:
ಖಂಡಿತ ತಪ್ಪಲ್ಲ. ನಾನು ಕೆಲವು ವರ್ಷ ಉಕ್ರೇನಿನಲ್ಲಿ ಓದಿದವನು. ಕೀವ್ ದೇವಾಲಯದ ಯೋಜನೆ ಪ್ರಕಟವಾದದ್ದು 1998ರಲ್ಲಿ, ಗುದ್ದಲಿ ಬಿದ್ದದ್ದು 2007ರಲ್ಲಿ, ಸಮರ್ಪಣೆಯಾದದ್ದು 2010ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಅಲ್ಲಿನವರು ಬಸ್ಸಿನಲ್ಲಿ ಜರ್ಮನಿಯ ಫ್ರೈಬರ್ಗ್ ದೇವಾಲಯಕ್ಕೆ ಹೋಗಿ ಬರುತ್ತಿದ್ದರು. ನಮ್ಮ ವಾರ್ಡಿನ (ಸಭೆಯ ಸ್ಥಳೀಯ ಘಟಕದ) ವೃದ್ಧ ಸಹೋದರಿಯೊಬ್ಬರು, ಅಷ್ಟು ದೂರದ ಪಯಣ ಇನ್ನು ತಮ್ಮಿಂದಾಗದು ಎಂದು ಗೊತ್ತಿದ್ದೂ, ಎರಡು ವರ್ಷಕ್ಕೊಮ್ಮೆ ತಪ್ಪದೆ ವಾರ್ಡಿನ ಮುಖ್ಯಸ್ಥರಾದ ಬಿಷಪರ ಎದುರು ಕುಳಿತು ಟೆಂಪಲ್ ರೆಕಮೆಂಡ್ (ದೇವಾಲಯದ ಪ್ರವೇಶಪತ್ರ) ನವೀಕರಿಸಿಕೊಳ್ಳುತ್ತಿದ್ದರು. ಅವರ ಕೈಚೀಲದಲ್ಲಿದ್ದ ಆ ಸಣ್ಣ ಚೀಟಿಯನ್ನು ನೋಡಿದಾಗಲೆಲ್ಲ ನನಗೆ ದೇವಾಲಯ ಆಗಲೇ ಎದ್ದು ನಿಂತಂತೆ ಅನ್ನಿಸುತ್ತಿತ್ತು.

ಉತ್ತರ 2:
ಆಹ್ವಾನದ ಮೇರೆಗೆ ಎಂದು ಬರೆದಿದ್ದೀರಿ. ನನ್ನ ಮನಸ್ಸಿಗೆ ನಾಟಿದ್ದು ಆ ಮಾತೇ. ಮೇಲಿನ ಸಹೋದರರು ಹೇಳಿದ ಫ್ರೈಬರ್ಗ್ ಅಂದು ಪೂರ್ವ ಜರ್ಮನಿಯಲ್ಲಿತ್ತು. ಸ್ವಿಸ್ ದೇವಾಲಯಕ್ಕೆ ಹೋಗಿಬರಲು ಅನುಮತಿ ಕೊಡಿ ಎಂದು ನಮ್ಮವರು ಬೇಡುತ್ತಲೇ ಇದ್ದಾಗ, ದೇವಾಲಯವನ್ನು ಇಲ್ಲೇ ಏಕೆ ಕಟ್ಟಿಕೊಳ್ಳಬಾರದು ಎಂದು ಕೇಳಿದ್ದು ಕಮ್ಯುನಿಸ್ಟ್ ಸರ್ಕಾರವೇ. ಬರ್ಲಿನ್ ಗೋಡೆ ಇನ್ನೂ ನಿಂತಿದ್ದಾಗಲೇ, 1985ರ ಜೂನ್‌ನಲ್ಲಿ, ಆ ದೇವಾಲಯ ಸಮರ್ಪಣೆಯಾಯಿತು. ಘಾನಾದಲ್ಲಿಯೂ 1989ರಿಂದ ಸುಮಾರು ಒಂದೂವರೆ ವರ್ಷ ನಮ್ಮ ಸಭೆಯ ಚಟುವಟಿಕೆಗಳಿಗೆ ನಿಷೇಧವಿತ್ತು. 2004ರ ಜನವರಿಯಲ್ಲಿ ಅದೇ ನಾಡಿನ ಅಕ್ರಾದಲ್ಲಿ ದೇವಾಲಯದ ಬಾಗಿಲು ತೆರೆಯಿತು. ಒಂದು ಮಾತನ್ನು ಮಾತ್ರ ತಮ್ಮನಿಗೆ ಹೇಳುವಂತೆ ಹೇಳುತ್ತೇನೆ: ನೀವಿರುವ ನಾಡಿನಲ್ಲಿ ಮತಪ್ರಚಾರಕ್ಕೆ ಆಸ್ಪದವಿಲ್ಲ, ನಾವು ಅಲ್ಲಿ ಅತಿಥಿಗಳು. ಹಿಗ್ಗನ್ನು ಮನೆಯಲ್ಲಿ, ವಾರ್ಡಿನಲ್ಲಿ ಮನಸಾರೆ ಹಂಚಿಕೊಳ್ಳಿ. ಕರೆದವರ ನಂಬಿಕೆಗೆ ಕುಂದು ಬಾರದಂತೆ ನೋಡಿಕೊಳ್ಳಿ.

ಉತ್ತರ 3:
ಕಾಯುವ ಕಾಲಕ್ಕೆ ಕೆಲಸ ಬೇಕಾದಷ್ಟಿದೆ. ಅಪ್ಪ ಅಮ್ಮನ ಹೆಸರು, ಹುಟ್ಟಿದ ಮತ್ತು ತೀರಿಕೊಂಡ ದಿನಗಳನ್ನು ನಮ್ಮ ಸಭೆಯ ವಂಶಾವಳಿ ಜಾಲತಾಣವಾದ ಫ್ಯಾಮಿಲಿಸರ್ಚ್‌ನಲ್ಲಿ ಈಗಲೇ ಸೇರಿಸಿಡಿ. ಕಳೆದ 110 ವರ್ಷಗಳೊಳಗೆ ಹುಟ್ಟಿದವರಾದರೆ, ಅವರ ಪರವಾಗಿ ವಿಧಿಗಳನ್ನು ಮಾಡಿಸಲು ಬದುಕಿರುವ ಹತ್ತಿರದ ಬಂಧುವಿನ ಒಪ್ಪಿಗೆ ಬೇಕು. ತಂದೆತಾಯಿಯ ವಿಷಯದಲ್ಲಿ ಮಗನಾದ ನಿಮ್ಮ ಒಪ್ಪಿಗೆಯೇ ಸಾಕಾದರೂ, ಒಡಹುಟ್ಟಿದವರ ಕಿವಿಗೂ ಹಾಕಿ. ಅಜ್ಜಿಯಂದಿರ ವಿವರಗಳೇ ಮೊದಲು ಕೈತಪ್ಪುವುದರಿಂದ, ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಸಮರ್ಪಣೆಗೆ ಮುನ್ನ ಕೆಲವು ದಿನ ಎಲ್ಲ ಮತದವರಿಗೂ ಒಳಗೆ ಪ್ರವೇಶವಿರುತ್ತದೆ. ನಿಮ್ಮ ಅಕ್ಕಪಕ್ಕದ ಮನೆಯವರನ್ನು ಕರೆದೊಯ್ಯಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

ಪ್ರಶ್ನೆ ಕೇಳಿದವರಿಂದ:
ನಿಮ್ಮೆಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ರಾತ್ರಿಯೇ ಅಕ್ಕನಿಗೆ ಫೋನ್ ಮಾಡಿದೆ. ಅಜ್ಜಿಯನ್ನು ಮನೆಯವರೆಲ್ಲ ಅವ್ವ ಎಂದೇ ಕರೆಯುತ್ತಿದ್ದುದರಿಂದ ಅವರ ನಿಜವಾದ ಹೆಸರು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅಪ್ಪನ ಹಳೆಯ ಕಾಗದಪತ್ರಗಳನ್ನು ಹುಡುಕಿ ನಾಳೆ ತಿಳಿಸುವುದಾಗಿ ಅಕ್ಕ ಹೇಳಿದ್ದಾಳೆ.