ಪದಚರ್ಚೆ: ಗೇರ್‌ಬಾಕ್ಸ್ ‘ಜೋಡಿಸು’ವುದೋ ‘ಕೂರಿಸು’ವುದೋ?

ದಾವಣಗೆರೆಯಿಂದ:
ಬಲ್ಲವರಿಗೆ ನಮಸ್ಕಾರ. ಮನೆಯಲ್ಲೇ ಕ್ಲಚ್ ಬದಲಿಸುವವರಿಗಾಗಿ ಒಂದು ಸೂಚನಾ ಹಾಳೆ ಕನ್ನಡಕ್ಕೆ ತರುತ್ತಿದ್ದೇನೆ. ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಅಂಟಿಸಲು. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟು (ಇಂಜಿನ್ ಕಡೆಗೆ ಚಾಚಿದ ದಂಡ) ಹೊಸ ಕ್ಲಚ್ ಪ್ಲೇಟಿನ ಸ್ಪ್ಲೈನ್‌ಗಳೊಳಗೆ (ಉದ್ದ ಹಲ್ಲುಗಳ ಸಾಲಿನೊಳಗೆ) ಜಾರಿ, ಬೆಲ್ ಹೌಸಿಂಗು (ಬಾಕ್ಸಿನ ಗಂಟೆಯಾಕಾರದ ಕವಚ) ಇಂಜಿನ್‌ಗೆ ಸಂದಿಲ್ಲದಂತೆ ಒತ್ತಿಕೊಳ್ಳುವವರೆಗಿನ ಕೆಲಸಕ್ಕೆ ಒಂದೇ ಕ್ರಿಯಾಪದ ಬೇಕು. ಕರಡಿನಲ್ಲಿ ‘ಪ್ರಸರಣ ಪೆಟ್ಟಿಗೆಯ ಮರುಜೋಡಣೆ’ ಎಂದಿದೆ. ಇಂಜಿನ್ನಿಗೂ ಬಾಕ್ಸಿಗೂ ನಡುವಿನ ಗಿಡ್ಡ ಕಡ್ಡಿ, ಡೋವೆಲ್ ಪಿನ್ನಿಗೂ ಪದ ಹೇಳಿ.

ಚಿತ್ರದುರ್ಗದಿಂದ:
‘ಪ್ರಸರಣ’ ಬೇಡವೇ ಬೇಡ, ಅದು ಪತ್ರಿಕೆಗಳ ಮಾತು. ‘ಜೋಡಣೆ’ ಇನ್ನೂ ಅಪಾಯ. ಜೋಡಿಸು ಅಂದ ಕೂಡಲೇ ಓದಿದವನು ಬೋಲ್ಟ್ ಹಾಕಿ ಎಳೆಯುತ್ತಾನೆ. ಬಾಕ್ಸು ಕೈಯೊತ್ತಿಗೇ ಒಳಹೋಗಿ ಡೋವೆಲ್ ಮೇಲೆ ಕೂರಬೇಕು. ಬೆರಳಗಲ ಸಂದಿ ಉಳಿಯಿತೆಂದರೆ ಪ್ಲೇಟು ನಡುವಿಗೆ ಬಂದಿಲ್ಲ, ಇಲ್ಲವೇ ಸ್ಪ್ಲೈನ್ ಕೂಡಿಲ್ಲ, ಇಲ್ಲವೇ ಬಾಕ್ಸು ಇಂಜಿನ್ ವಾಲಿದಷ್ಟೇ ವಾಲಿಲ್ಲ. ಆಗ ಬೋಲ್ಟ್ ಬಿಗಿದರೆ ಹೌಸಿಂಗಿನ ಬೋಲ್ಟ್ ಹಾಕುವ ಕಿವಿ ಒಡೆಯುತ್ತದೆ, ಅಥವಾ ಪ್ಲೇಟು ಸೊಟ್ಟಗಾಗುತ್ತದೆ. ಸೊಟ್ಟ ಪ್ಲೇಟು ಪೆಡಲ್ ಪೂರ್ತಿ ತುಳಿದರೂ ಇಂಜಿನ್ನನ್ನು ಬಿಡುವುದಿಲ್ಲ. ರಿವರ್ಸ್ ಹಾಕಿದಾಗ ಗರ್ ಎನ್ನುತ್ತದೆ. ಜಾಕ್ ಮೇಲೆ ‘ಏರಿಸು’, ಶಾಫ್ಟ್ ‘ಕೂರಿಸು’, ಬೋಲ್ಟ್ ‘ಬಿಗಿ’. ಮೂರು ಕೆಲಸ, ಮೂರು ಪದ. ಒಂದರಲ್ಲಿ ಮುಗಿಸಬೇಡಿ.

ಹರಿಹರದಿಂದ:
‘ಕೂರಿಸು’ ಒಪ್ಪಿದೆ. ಹಳಗನ್ನಡದ ‘ಕುಳ್ಳಿರ್’ ಇದರ ಬೇರು. ಆದರೆ ಡೋವೆಲ್‌ಗೆ ‘ಕಡಾಣಿ’ ಇದೆಯಲ್ಲ! ಗಾಡಿಯ ಅಚ್ಚು, ಗುಂಬ, ಕಡಾಣಿ ಎಲ್ಲ ಮನೆಯಲ್ಲೇ ಇರುವಾಗ ಇಂಗ್ಲಿಷಿಗೆ ಕೈಯೊಡ್ಡುವುದೇಕೆ? ಪ್ಲೇಟಿನ ನಡುಭಾಗವಾದ ಹಬ್ಬಿಗೆ ‘ಗುಂಬ’, ಕ್ಲಚ್ಚಿಗೆ ‘ಹಿಡಿಕ’ ಎನ್ನಿ.

ಚಿತ್ರದುರ್ಗದಿಂದ:
ಕಡಾಣಿ ಅಲ್ಲ. ಗಾಲಿ ಕಳಚದಂತೆ ಅಚ್ಚಿನ ತುದಿಯಲ್ಲಿ ತಡೆಯುವುದು ಕಡಾಣಿ. ಡೋವೆಲ್ ಏನನ್ನೂ ತಡೆಯುವುದಿಲ್ಲ, ಬಾಕ್ಸು ಎಲ್ಲಿ ಕೂರಬೇಕೆಂದು ಜಾಗ ಹಿಡಿಸುತ್ತದೆ. ಕಚ್ಚಿ ಹಿಡಿಯುವುದು ಬೋಲ್ಟು. ಪಿನ್ ಬಿದ್ದುಹೋಗಿದ್ದು ಹಾಗೇ ಕೂರಿಸಿದರೆ ಶಾಫ್ಟು ಓರೆಯಲ್ಲಿ ತಿರುಗಿ ಬೇರಿಂಗ್ ತಿನ್ನುತ್ತದೆ. ಅಂಗಡಿಯಲ್ಲಿ ಕಡಾಣಿ ಕೇಳಿದವನಿಗೆ ಆ ಪಿನ್ ಸಿಗುವುದಿಲ್ಲ. ಡೋವೆಲ್ ಪಿನ್ ಎಂದೇ ಬರೆಯಿರಿ. ‘ಹಿಡಿಕ’ಕ್ಕೆ ಉತ್ತರ ಬರೆಯುವುದಿಲ್ಲ.

ಹರಿಹರದಿಂದ:
ನೇಗಿಲಿನ ಈಸು, ಮೇಣಿ, ಕುಳ ಎಂದು ಒಂದೊಂದಕ್ಕೂ ಹೆಸರಿಟ್ಟ ಜನ ಯಂತ್ರಕ್ಕೆ ಇಡಲಾರರೇ? ಅಂಗಡಿಯವರ ಬಾಯಲ್ಲಿ ಇಲ್ಲದ್ದೆಲ್ಲ ಬೇಡ ಎಂದರೆ ಹೊಸ ಪದ ಹುಟ್ಟುವುದೆಲ್ಲಿ?

ಹೊಳಲ್ಕೆರೆಯಿಂದ:
ಕುರ್ಚಿ ಅರಬ್ಬಿಯದು, ಅಲಮಾರು ಪೋರ್ಚುಗೀಸರದು, ಕನ್ನಡ ಸೊರಗಿಲ್ಲ. ಎರವಲಿನ ಜಗಳ ಬೇರೆ ಎಳೆಯಲ್ಲಿ ಆಡಿ, ಇವರಿಗೆ ನಾಳೆ ಅಚ್ಚಿದೆ. ‘ಗ್ರೀಸ್ ಹಚ್ಚಿ’ ಎಂದಿದ್ದರೆ ‘ಸವರಿ’ ಮಾಡಿ. ಸ್ಪ್ಲೈನ್‌ಗೆ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಬೇಕು. ಮೆತ್ತಿದರೆ ತಿರುಗುವಾಗ ಸಿಡಿದು ಪ್ಲೇಟಿನ ಹಿಡಿತದ ಲೈನಿಂಗಿಗೆ ಬಿದ್ದು ಹೊಸ ಕ್ಲಚ್ಚೇ ಜಾರುತ್ತದೆ. ಇನ್ನೊಂದು ಸಾಲು ಸೇರಿಸಿ: ಶಾಫ್ಟ್ ಒಳಹೊಕ್ಕ ಮೇಲೂ, ಬೋಲ್ಟ್ ಕಚ್ಚುವವರೆಗೆ ಜಾಕ್ ತೆಗೆಯಬಾರದು. ಬಾಕ್ಸಿನ ಭಾರ ಶಾಫ್ಟಿಗೆ ಜೋತುಬಿದ್ದರೂ ಪ್ಲೇಟು ಸೊಟ್ಟಗಾಗುತ್ತದೆ.

ದಾವಣಗೆರೆಯಿಂದ:
ಎಲ್ಲರಿಗೂ ವಂದನೆ. ಹಾಳೆಗೆ ಹೀಗೆ ಹೋಗುತ್ತಿದೆ: “ಸೆಂಟರಿಂಗ್ ಶಾಫ್ಟಿನಿಂದ ಪ್ಲೇಟನ್ನು ನಡುವಿಗೆ ತಂದು, ಅದನ್ನು ಒತ್ತಿಹಿಡಿಯುವ ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಸ್ಪ್ಲೈನ್‌ಗೆ ಗ್ರೀಸ್ ತೆಳ್ಳಗೆ ಸವರಿ. ಬಾಕ್ಸನ್ನು ಟಾಪ್ ಗೇರಿಗೆ ಹಾಕಿ ಜಾಕ್ ಮೇಲೆ ಏರಿಸಿ. ಔಟ್‌ಪುಟ್ ಶಾಫ್ಟನ್ನು (ಚಕ್ರದ ಕಡೆಯ ದಂಡವನ್ನು) ತುಸು ತಿರುಗಿಸುತ್ತ ಬಾಕ್ಸನ್ನು ಕೈಯಿಂದಲೇ ಕೂರಿಸಿ. ಸಂದಿ ಮುಚ್ಚಿದ ಮೇಲಷ್ಟೇ ಬೋಲ್ಟ್ ಬಿಗಿಯಿರಿ. ಆಮೇಲೆ ಜಾಕ್ ಇಳಿಸಿ.” ನಮ್ಮೂರಿನ ‘ಕುಂದ್ರಿಸಿ’ ಎಂದೇ ಹಾಕುವ ಆಸೆಯಿತ್ತು. ಹಾಳೆ ಮೈಸೂರಿನ ಕಡೆಗೂ ಹೋಗುವುದರಿಂದ ‘ಕೂರಿಸಿ’ ಇಟ್ಟಿದ್ದೇನೆ.