ಗ್ರ್ಯಾಂಡ್ ವಿಟಾರ ಆಲ್‌ಗ್ರಿಪ್: 19.38 ಅನ್ನೋದು ರಸ್ತೆ ಮೇಲೆ ಎಷ್ಟಾಗುತ್ತೆ?

ಹಾನುಬಾಳು_ರೋಡ್:
2023ರ ಗ್ರ್ಯಾಂಡ್ ವಿಟಾರ ಆಲ್‌ಗ್ರಿಪ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಮಾಡೆಲ್) ಮ್ಯಾನ್ಯುಯಲ್ ಒಂದನ್ನ ಸೆಕೆಂಡ್ ಹ್ಯಾಂಡ್‌ನಲ್ಲಿ ನೋಡ್ತಿದ್ದೀನಿ. ವಾರಪೂರ್ತಿ ಬೆಂಗಳೂರು ಟ್ರಾಫಿಕ್, ಆಗಾಗ ಸಕಲೇಶಪುರದ ತೋಟ. ತೋಟದ ದಾರಿ ಮಳೆಗಾಲದಲ್ಲಿ ಬರೀ ಕೆಸರು. ಕಂಪನಿ ಲೆಕ್ಕದಲ್ಲಿ ಲೀಟರಿಗೆ ಫ್ರಂಟ್ ವೀಲ್ ಡ್ರೈವ್ ಮ್ಯಾನ್ಯುಯಲ್‌ಗೆ 21.11 ಕಿ.ಮೀ., ಆಲ್‌ಗ್ರಿಪ್‌ಗೆ 19.38. ಆಟೋ ಮೋಡ್‌ನಲ್ಲಿ ಮುಂದಿನ ಚಕ್ರ ಮಾತ್ರ ಎಳೆಯುತ್ತೆ ಅಂತಾರಲ್ಲ, ಮತ್ತೆ ಮೈಲೇಜು ಯಾಕೆ ಕಮ್ಮಿ? ಸಿಟಿಯಲ್ಲಿ ಎಷ್ಟು ಅಂದ್ಕೊಬಹುದು? ಇನ್ನೊಂದು ವಿಷಯ: ಈಗಿನ ಓನರ್ ಕಂಪನಿಯ 215/60 ಆರ್17 ತೆಗೆಸಿ 225/65 ಆರ್17 ಆಲ್ ಟೆರೇನ್ ಟೈರ್ ಹಾಕಿಸಿದ್ದಾರೆ. ಮುಂದಿನ ಎರಡು ಹೊಸದು, ಹಿಂದಿನವು ಅರ್ಧ ಸವೆದಿವೆ. ಇದರಿಂದ ತೊಂದರೆ ಇದೆಯಾ?

ಐದನೇ_ಗೇರು:
ಹಿಂದಕ್ಕೆ ಶಕ್ತಿ ಹೋಗದಿದ್ರೂ ಆ ಸಾಮಾನೆಲ್ಲ ತಿರುಗ್ತಾನೇ ಇರುತ್ತೆ ಸಾರ್. ಗೇರ್ ಬಾಕ್ಸ್ ಪಕ್ಕದ ಟ್ರಾನ್ಸ್‌ಫರ್, ಉದ್ದದ ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಡಿಫರೆನ್ಶಿಯಲ್, ಅದರ ಎರಡು ಆಕ್ಸಲ್. ಮಧ್ಯದ ಕಪ್ಲಿಂಗ್ (ಹಿಂದಕ್ಕೆ ಶಕ್ತಿ ಕೊಡೋ, ಬಿಡಿಸೋ ಕ್ಲಚ್) ಬಿಟ್ಟುಕೊಂಡಿದ್ರೂ ಅದರ ಮುಂದಿನ ಭಾಗವನ್ನ ಎಂಜಿನ್ ತಿರುಗಿಸುತ್ತೆ, ಹಿಂದಿನ ಭಾಗವನ್ನ ರಸ್ತೆ ಮೇಲೆ ಉರುಳೋ ಚಕ್ರ ತಿರುಗಿಸುತ್ತೆ. ಎರಡೂ ಕಡೆ ಗೇರು ಎಣ್ಣೆಯನ್ನ ಕಡೆದುಕೊಂಡೇ ತಿರುಗಬೇಕು. ಜೊತೆಗೆ ಇಷ್ಟೂ ಸಾಮಾನಿನ ತೂಕ. ಇದನ್ನ ಪೂರ್ತಿ ಬಿಡಿಸೋ 2ಡಬ್ಲ್ಯುಡಿ (ಎರಡೇ ಚಕ್ರದ ಡ್ರೈವ್) ಬಟನ್ ಇದರಲ್ಲಿಲ್ಲ. ಆಟೋ, ಸ್ಪೋರ್ಟ್, ಸ್ನೋ, ಲಾಕ್, ಇಷ್ಟೇ ಮೋಡ್. ಮೈಲೇಜು ಬೇಕಂದ್ರೆ ಆಟೋ.

ದುಡ್ಡಿನ ಲೆಕ್ಕ ನೋಡಿ. 21.11ಕ್ಕೂ 19.38ಕ್ಕೂ ಶೇ. 8ರಷ್ಟು ವ್ಯತ್ಯಾಸ. ವರ್ಷಕ್ಕೆ 12,000 ಕಿ.ಮೀ. ಓಡಿಸಿದ್ರೆ ಸುಮಾರು 51 ಲೀಟರ್ ಹೆಚ್ಚು ಪೆಟ್ರೋಲು. ಲೀಟರಿಗೆ 103 ರೂಪಾಯಿ ಹಿಡಿದ್ರೆ ಐದು ಸಾವಿರದ ಇನ್ನೂರು ಚಿಲ್ಲರೆ. ನಿಜವಾದ ಓಟದಲ್ಲಿ ಒಂದು 14, ಇನ್ನೊಂದು 13 ಕೊಟ್ಟರೂ ವ್ಯತ್ಯಾಸ 66 ಲೀಟರ್, ಅಂದ್ರೆ ಏಳು ಸಾವಿರದೊಳಗೆ. ತೋಟದ ಕೆಸರಲ್ಲಿ ಒಂದು ಸಲ ಟ್ರ್ಯಾಕ್ಟರ್ ಕರೆಸಿ ಎಳೆಸೋದು ತಪ್ಪಿದ್ರೂ ನನ್ನ ಪ್ರಕಾರ ಅದು ದುಬಾರಿಯಲ್ಲ.

ಸಿಟಿಯಲ್ಲಿ ಮೈಲೇಜು ತಿನ್ನೋದು ಹಿಂದಿನ ಡಿಫರೆನ್ಶಿಯಲ್ ಅಲ್ಲ, ನಿಂತ ಹೊತ್ತು. ಏಸಿ ಹಾಕಿಕೊಂಡು ನಿಂತ 1.5 ಲೀಟರ್ ಪೆಟ್ರೋಲ್ ಎಂಜಿನ್ ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್ ಕುಡಿಯುತ್ತೆ. 10 ಕಿ.ಮೀ. ದಾರಿಗೆ 50 ನಿಮಿಷ ಹಿಡೀತು, ಅದರಲ್ಲಿ 24 ನಿಮಿಷ ನಿಂತೇ ಇದ್ರಿ ಅಂದ್ಕೊಳ್ಳಿ. ನಿಂತಿದ್ದಕ್ಕೇ 0.4 ಲೀಟರ್ ಹೋಯ್ತು. ಚಲಿಸುವಾಗ 15 ಕೊಟ್ರೂ ಅದಕ್ಕೆ 0.67. ಒಟ್ಟು 1.07 ಲೀಟರ್, ಮೈಲೇಜು 9.3! ನಿಂತಾಗ ಎಂಜಿನ್ ತಾನೇ ಆಫ್ ಮಾಡೋ ಐಡಲ್ ಸ್ಟಾಪ್ ಇದೆ ನಿಜ, ಆದ್ರೆ ಬಿಸಿಲಲ್ಲಿ ಏಸಿಗೆ ಬೇಡಿಕೆ ಹೆಚ್ಚಾದಾಗ, ಬ್ಯಾಟರಿ ಚಾರ್ಜ್ ಕಮ್ಮಿ ಇದ್ದಾಗ ಅದು ಎಂಜಿನ್ ಆಫ್ ಮಾಡಲ್ಲ. ಹಾಗಾಗಿ ಔಟರ್ ರಿಂಗ್ ರೋಡಿನ ಪೀಕ್ ಅವರ್‌ನಲ್ಲಿ 10, ಬೆಳಗ್ಗೆ ಏಳರೊಳಗೆ ಹೊರಟ್ರೆ ಅದೇ ದಾರಿಯಲ್ಲಿ 14 ಬಂದ್ರೆ ಗಾಬರಿ ಆಗ್ಬೇಡಿ.

ಡಿಪ್‌ಸ್ಟಿಕ್:
ಮೇಲಿನವರು ಟೈರ್ ವಿಷಯ ಬಿಟ್ಟರು. ನನಗೆ ಅದೇ ದೊಡ್ಡದು.

ಮೊದಲು ಅಳತೆ. 215/60 ಆರ್17 ಟೈರಿನ ವ್ಯಾಸ ಸುಮಾರು 690 ಮಿ.ಮೀ., 225/65 ಆರ್17ದು 724. ಅಂದ್ರೆ ಶೇ. 5 ದೊಡ್ಡದು. ಮೀಟರ್ 100 ಕಿ.ಮೀ. ತೋರಿಸಿದಾಗ ಗಾಡಿ 105 ಓಡಿರುತ್ತೆ. ಆಲ್ ಟೆರೇನ್ ಹಾಕಿಸಿದ ಮೇಲೆ ಮೈಲೇಜು ಬಿತ್ತು ಅಂತ ಹೇಳೋರಲ್ಲಿ ಅರ್ಧ ಜನ ಈ 5 ಸೇರಿಸದೆ ಲೆಕ್ಕ ಹಾಕಿರ್ತಾರೆ. ಉಳಿದ ಇಳಿಕೆ ನಿಜ: ಟೈರ್ ಭಾರ, ಮೇಲ್ಮೈಯ ರಬ್ಬರ್ ಬ್ಲಾಕ್ ಮೆತ್ತಗೆ ಮಡಚುತ್ತೆ, ಗೇರಿಂಗ್ ಉದ್ದವಾಗುತ್ತೆ (ಅದೇ ಗೇರಲ್ಲಿ ಎಳೆತ ಕಮ್ಮಿ). ಈ ಎಂಜಿನ್‌ದು ಬರೀ 137 ನ್ಯೂಟನ್ ಮೀಟರ್ ಟಾರ್ಕ್, ಘಾಟಿಯಲ್ಲಿ ನಾಲ್ಕರಲ್ಲಿ ಹೋಗೋ ಕಡೆ ಮೂರಕ್ಕೆ ಇಳಿಸಬೇಕಾಗುತ್ತೆ.

ಇದಕ್ಕಿಂತ ಮುಖ್ಯ, ಮುಂದೆ ಹೊಸದು ಹಿಂದೆ ಸವೆದದ್ದು. ಟೈರಿನ ಗೀರುಗಳ ಆಳದಲ್ಲಿ 4 ಮಿ.ಮೀ. ವ್ಯತ್ಯಾಸ ಇದ್ರೆ ಸುತ್ತಳತೆಯಲ್ಲಿ ಶೇ. 1ಕ್ಕಿಂತ ಸ್ವಲ್ಪ ಹೆಚ್ಚು. ಈ ಟೈರ್ ಕಿಲೋಮೀಟರಿಗೆ ಸುಮಾರು 440 ಸುತ್ತು ತಿರುಗುತ್ತೆ, ಅಂದ್ರೆ ಹಿಂದಿನ ಚಕ್ರ ಪ್ರತಿ ಕಿಲೋಮೀಟರಿಗೆ ಸುಮಾರು 5 ಸುತ್ತು ಹೆಚ್ಚು ತಿರುಗುತ್ತೆ. ಕಪ್ಲಿಂಗ್ ಬಿಟ್ಟುಕೊಂಡಿರುವಾಗ ಪರವಾಗಿಲ್ಲ. ಸ್ಪೋರ್ಟ್, ಸ್ನೋ, ಲಾಕ್‌ನಲ್ಲಿ ಕಪ್ಲಿಂಗ್ ಹಿಡಿದಾಗ ಆ 5 ಸುತ್ತನ್ನ ಕ್ಲಚ್ ಪ್ಲೇಟು ಉಜ್ಜಿಯೇ ನುಂಗಬೇಕು. ಬಿಸಿಯಾಗುತ್ತೆ, ಮೈಲೇಜು ಬೀಳುತ್ತೆ. ತೀರಾ ಬಿಸಿಯಾದ್ರೆ ತನ್ನನ್ನ ಉಳಿಸಿಕೊಳ್ಳೋಕೆ ಹಿಂದಕ್ಕೆ ಶಕ್ತಿ ಕೊಡೋದನ್ನೇ ನಿಲ್ಲಿಸುತ್ತೆ, ಅದೂ ಕೆಸರಿನ ಮಧ್ಯೆ. ಆಲ್ ವೀಲ್ ಡ್ರೈವ್ ಗಾಡಿಗೆ ನಾಲ್ಕೂ ಟೈರ್ ಒಂದೇ ಕಂಪನಿ, ಒಂದೇ ಅಳತೆ, ಒಂದೇ ಸವೆತ ಇರಬೇಕು. ನಾಲ್ಕು ಹೊಸ 215/60ರ ಬೆಲೆಯನ್ನ ಗಾಡಿ ರೇಟಿನಿಂದ ಕಳೆದೇ ಮಾತಾಡಿ.

ಲಿಫ್ಟ್ ಮೇಲೆ ಎತ್ತಿಸಿದಾಗ ಟ್ರಾನ್ಸ್‌ಫರ್ ಮತ್ತು ಹಿಂದಿನ ಡಿಫರೆನ್ಶಿಯಲ್ ಸೀಲುಗಳಲ್ಲಿ ಎಣ್ಣೆ ಜಿನುಗಿದೆಯಾ ನೋಡಿ. ಎರಡೂ ಎಣ್ಣೆ ಬದಲಾಯಿಸಿದ ಬಿಲ್ ಕೇಳಿ. ಬಿಲ್ ಇಲ್ಲ ಅಂದ್ರೆ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಬರೆದ ಗ್ರೇಡನ್ನೇ ತಂದು ಹಾಕಿಸಿ. ದಪ್ಪ ಎಣ್ಣೆ ಹಾಕಿದ್ರೆ ಗೇರಿಗೆ ಒಳ್ಳೇದು ಅನ್ನೋ ಮಾತು ಕೇಳಬೇಡಿ.

ಹಾನುಬಾಳು_ರೋಡ್:
ಥ್ಯಾಂಕ್ಸ್ ಇಬ್ಬರಿಗೂ. ಟೈರ್ ವಿಷಯ ಗೊತ್ತೇ ಇರಲಿಲ್ಲ. ಮೈಲೇಜು ನಾನೇ ಅಳೆಯೋದಾದ್ರೆ ಹೇಗೆ? ಮೀಟರಲ್ಲಿ ತೋರಿಸೋದನ್ನ ನಂಬಬಹುದಾ? ಹೈವೇಯಲ್ಲಿ ಯಾವ ಸ್ಪೀಡು? ಪೆಟ್ರೋಲಿಗೆ ಎಥೆನಾಲ್ ಸೇರಿಸೋದ್ರಿಂದ ಎಷ್ಟು ಹೋಗುತ್ತೆ?

ಐದನೇ_ಗೇರು:
ನಂಬಬೇಡಿ, ಹೋಲಿಕೆಗೆ ಮಾತ್ರ ಇಟ್ಕೊಳ್ಳಿ. ಒಂದೇ ಬಂಕು, ಒಂದೇ ಪಂಪು, ಮೊದಲ ಸಲ ಕಟ್ ಆದ ಕೂಡ್ಲೇ ನಿಲ್ಲಿಸಿ. ರೌಂಡ್ ಫಿಗರ್ ಮಾಡೋಕೆ ಬಿಡಬೇಡಿ. ಟ್ರಿಪ್ ಸೊನ್ನೆ ಮಾಡಿ. ಟ್ಯಾಂಕು 45 ಲೀಟರ್, 30ಕ್ಕಿಂತ ಹೆಚ್ಚು ಖಾಲಿಯಾದ ಮೇಲೆ ಅದೇ ರೀತಿ ತುಂಬಿಸಿ ಭಾಗಿಸಿ. ಕಟ್ ಆಗೋದ್ರಲ್ಲಿ ಒಂದು ಲೀಟರ್ ಹೆಚ್ಚುಕಮ್ಮಿ ಬಂದೇ ಬರುತ್ತೆ. 10 ಲೀಟರ್ ಹಾಕಿ ಅಳೆದ್ರೆ ಅದು ಶೇ. 10 ತಪ್ಪು, 33 ಲೀಟರಲ್ಲಿ ಶೇ. 3 ಮಾತ್ರ.

ಕಂಪನಿ ಅಂಕಿ ಬರೋ ಪರೀಕ್ಷೆಯಲ್ಲಿ ಗರಿಷ್ಠ ವೇಗ 90, ಏಸಿ ಆಫ್, ಗಾಡಿ ರೋಲರ್ ಮೇಲೆ. ನೆಲಮಂಗಲ ದಾಟಿ 110ರಲ್ಲಿ ಹೋಗಿ 19 ಕೇಳಿದ್ರೆ ಎಲ್ಲಿಂದ ಬರುತ್ತೆ? 80ರಿಂದ 100ಕ್ಕೆ ಏರಿಸಿದ್ರೆ ಗಾಳಿಯ ತಡೆ ಶೇ. 56 ಜಾಸ್ತಿ. 85-90ರಲ್ಲಿ ಐದನೇ ಗೇರಲ್ಲಿ ಹೋದ್ರೆ 17-18 ನಿರೀಕ್ಷಿಸಬಹುದು.

ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಮ್ಮಿ. ಇ10 (ಶೇ. 10 ಎಥೆನಾಲ್) ಇಂದ ಇ20ಗೆ (ಶೇ. 20) ಬಂದಾಗ ಬರೀ ಶಕ್ತಿಯ ಲೆಕ್ಕದಲ್ಲಿ ಶೇ. 3ರಿಂದ 4 ಹೋಗುತ್ತೆ. ಗಾಡಿ 2023ರ ಏಪ್ರಿಲ್‌ಗೆ ಮುಂಚಿನದಾ ಆಮೇಲಿನದಾ ನೋಡಿ, ಇ20 ತಾಳುವ ರಬ್ಬರ್ ಭಾಗಗಳು ಕಡ್ಡಾಯವಾಗಿ ಬಂದದ್ದು ಆಗಿನಿಂದ.

ಡಿಪ್‌ಸ್ಟಿಕ್:
ಇನ್ನೊಂದು ಮಾತು. ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಹಾಕೋದು ಬೇಡ. ಗೇರಲ್ಲಿಟ್ಟು ಆಕ್ಸಿಲರೇಟರ್ ಬಿಟ್ರೆ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸುತ್ತೆ. ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಸುಡ್ತಾನೇ ಇರುತ್ತೆ, ಬ್ರೇಕೂ ಬಿಸಿಯಾಗುತ್ತೆ. ತೋಟದ ಏರಿನಲ್ಲಿ ನಿಂತ ಜಾಗದಿಂದ ಹೊರಡುವಾಗ ಲಾಕ್ ಹಾಕಿ, ಡಾಂಬರು ಸಿಕ್ಕಿದ ಕೂಡ್ಲೇ ಆಟೋಗೆ ತಿರುಗಿಸಿ.